ಪದಚರ್ಚೆ: ‘ಕ್ರೂನರ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

‘ಕ್ರೂನರ್’, ಅಂದರೆ ಮೈಕಿನ ಹತ್ತಿರ ಮೆಲ್ಲಗೆ, ಆಪ್ತವಾಗಿ ಹಾಡುವ ಗಾಯಕ. ಈ ಒಂದು ಪದ ಹಿಡಿದುಕೊಂಡು ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಒಂದು ಮಾಸಿಕಕ್ಕೆ ಟೋನಿ ಬೆನೆಟ್ ಬಗೆಗಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನ್ಯೂಯಾರ್ಕಿನ ಹಾಡುಗಾರ. 1926ರಲ್ಲಿ ಹುಟ್ಟಿ, 2023ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡವರು. ಮೂಲದಲ್ಲಿ ಒಂದು ಸಾಲು ಬರುತ್ತದೆ. ವಯಸ್ಸಾದ ಕ್ರೂನರ್‌ಗಳು ಎಳೆಯ ಪಾಪ್ ಗಾಯಕರ ಜೊತೆ ಚಾರ್ಟ್‌ಗಳಲ್ಲಿ ಪೈಪೋಟಿ ನಡೆಸುತ್ತಿದ್ದಾರೆ ಅಂತ. ಸಾಲು ಚಿಕ್ಕದು, ತೊಡಕು ಮೂರು: ಕ್ರೂನರ್, ಚಾರ್ಟ್, ಪೈಪೋಟಿ. ಮೊದಲನೆಯದಕ್ಕೇ ನಿದ್ದೆ ಕೆಟ್ಟಿದ್ದು.

ನನ್ನ ಹತ್ತಿರ ಇರುವ ಇಂಗ್ಲಿಷ್–ಕನ್ನಡ ನಿಘಂಟು ‘ಗುನುಗುವವನು’ ಅನ್ನುತ್ತದೆ. ಇದು ನನಗೆ ಒಪ್ಪಿಗೆಯಾಗುತ್ತಿಲ್ಲ. ಗುನುಗುವುದು ಅಂದ ಕೂಡಲೇ ಕಣ್ಣ ಮುಂದೆ ಬರುವುದು ನಮ್ಮಮ್ಮ. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಬಾಳೆನಾರಿನ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಮಲ್ಲಿಗೆ ಕಟ್ಟುತ್ತಿದ್ದರು. ಕಟ್ಟುತ್ತಾ ಕಟ್ಟುತ್ತಾ ಏನೋ ಗುನುಗುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ಹಾಡಿನ ಮಾತು ಅರ್ಧ ಒಳಗೇ ಉಳಿಯುತ್ತಿತ್ತು, ರಾಗ ಮಾತ್ರ ಹೊರಗೆ ಬರುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದು ಗೊತ್ತಾದರೆ ಸುಮ್ಮನಾಗುತ್ತಿದ್ದರು. ಗುನುಗುವುದು ಅಂದರೆ ಅದು. ತನ್ನಷ್ಟಕ್ಕೆ ತಾನು ಹಾಡಿಕೊಳ್ಳುವುದು. ಬೆನೆಟ್ ಹಾಗಲ್ಲ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ನಿಮಗೊಬ್ಬರಿಗೇ ಹೇಳುತ್ತಿದ್ದಾರೆ ಅನ್ನಿಸುವಂತೆ ಹಾಡುತ್ತಾರೆ.

ಇಂಗ್ಲಿಷಿನಲ್ಲೂ ಈ ಪದ ನೇರವಾಗಿ ಇಲ್ಲಿಗೆ ಬಂದಿದ್ದಲ್ಲ. ‘ಕ್ರೂನ್’ ಸ್ಕಾಟ್ಲೆಂಡ್ ಕಡೆಯ ಮಾತು. ಗೊಣಗು, ನರಳು, ಮಗುವಿಗೆ ಮೆಲ್ಲಗೆ ಹಾಡು, ಇವೆಲ್ಲ ಅದರ ಹಳೆಯ ಅರ್ಥಗಳು. ಅದು ಗಾಯಕರ ಮೇಲೆ ಬಂದು ಕೂತದ್ದು ಮೈಕಿನಿಂದ. 1925ರ ಸುಮಾರಿಗೆ ವಿದ್ಯುತ್ ಮೈಕಿನಲ್ಲಿ ಧ್ವನಿಮುದ್ರಣ ಶುರುವಾಯಿತು. ಅಲ್ಲಿವರೆಗೆ ಗಾಯಕರು ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಜೋರಾಗಿ ಹಾಡಬೇಕಿತ್ತು. ಮೈಕ್ ಬಂದ ಮೇಲೆ ಉಸಿರಿನ ಸದ್ದೂ ದಾಖಲಾಗತೊಡಗಿತು. ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿಯಂಥವರು ಕಿವಿಯ ಹತ್ತಿರ ಬಂದು ಮಾತಾಡಿದ ಹಾಗೆ ಹಾಡಿದರು. ಜನ ಮರುಳಾದರು, ಹಿರಿಯರಿಗೆ ಸಿಟ್ಟು ಬಂತು. 1932ರಲ್ಲಿ ಬಾಸ್ಟನ್ನಿನ ಹಿರಿಯ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಓ’ಕಾನೆಲ್ ಈ ಬಗೆಯ ಹಾಡನ್ನು ಕೀಳು ಅಂತ ಬಹಿರಂಗವಾಗಿಯೇ ಖಂಡಿಸಿದರು. ಆಗ ಕ್ರೂನರ್ ಅನ್ನುವುದು ಬೈಗುಳದ ಹತ್ತಿರದ ಮಾತು. ಈಗ ಅದೇ ಪದವನ್ನು ಗೌರವದಿಂದ ಹೇಳುತ್ತಾರೆ.

ಅಂದರೆ ಈ ಪದದ ತಿರುಳು ಗುನುಗು ಅಲ್ಲ, ಹತ್ತಿರ. ಹತ್ತಿರದಿಂದ ಹಾಡುವವನು.

ಕನ್ನಡಕ್ಕೆ ಬಂದರೆ ನಾನು ಗಮನಿಸಿದ್ದು ಇದು. ನಾವು ಗಾಯಕರನ್ನು ಹೊಗಳುವ ಮಾತುಗಳಲ್ಲಿ ‘ಕಂಚಿನ ಕಂಠ’ಕ್ಕೆ ಇರುವ ತೂಕವೇ ಬೇರೆ. ಅದಕ್ಕೆ ಕಾರಣವೂ ಇದೆ. ಕಂಪನಿ ನಾಟಕದಲ್ಲಿ ಮೈಕ್ ಇಲ್ಲದ ಕಾಲಕ್ಕೆ ಕಡೇ ಸಾಲಿನವನಿಗೂ ಹಾಡು ಮುಟ್ಟಬೇಕಿತ್ತು. ಯಕ್ಷಗಾನದ ಭಾಗವತರಿಗೂ ಬಯಲಾಟದವರಿಗೂ ಅದೇ ಕಷ್ಟ. ದನಿ ಎತ್ತಿದವನೇ ಗಾಯಕ. ಮೈಕ್ ಬಂದ ಮೇಲೆ ನಮ್ಮಲ್ಲೂ ಬೇರೆ ಥರದ ಗಾಯಕರು ಬಂದರು. ಪಿ. ಬಿ. ಶ್ರೀನಿವಾಸ್ ಅವರನ್ನು ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಅವರಿಗೆ ಎಷ್ಟೋ ವರ್ಷ ಹಿನ್ನೆಲೆ ದನಿಯಾಗಿದ್ದವರು. ಕೆಳಸ್ಥಾಯಿಯಲ್ಲಿ, ಎಲ್ಲೂ ಒತ್ತಡವಿಲ್ಲದೆ, ಹತ್ತಿರ ಕೂತು ಹೇಳಿದ ಹಾಗೆ ಹಾಡುತ್ತಿದ್ದರು. ಕನ್ನಡದಲ್ಲಿ ಯಾರನ್ನಾದರೂ ಕ್ರೂನರ್ ಅನ್ನಬೇಕಾದರೆ ಮೊದಲು ಅವರನ್ನೇ ಅನ್ನಬೇಕು. ಆದರೆ ಅವರನ್ನು ಹೊಗಳುವಾಗ ನಾವು ಏನಂತೇವೆ? ‘ಮಧುರ ಕಂಠ’ ಅಂತೇವೆ. ಮಧುರ ಕಂಠ ಯಾರಿಗೆ ಬೇಕಾದರೂ ಇರಬಹುದು. ಅವರ ಹಾಡಿನ ರೀತಿಗೆ ಒಂದು ಹೆಸರು ಇಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಹೊಳೆದಿರುವ ಪದಗಳು ಇಷ್ಟು. ‘ಮೆಲುದನಿ ಗಾಯಕ’ ಎಲ್ಲರಿಗೂ ತಿಳಿಯುತ್ತದೆ, ಆದರೆ ದನಿ ಸಣ್ಣದು ಅನ್ನಿಸುತ್ತದೆ. ಬೆನೆಟ್ ಬೇಕಾದಾಗ ದನಿ ಎತ್ತುತ್ತಿದ್ದರು, ಸಭಾಂಗಣ ತುಂಬುವ ಹಾಗೆ. ‘ಇನಿದನಿಗ’ ಚೆನ್ನಾಗಿದೆ, ಆದರೆ ಮಧುರ ಕಂಠದ ತೊಂದರೆಯೇ ಇದಕ್ಕೂ. ‘ಕಿವಿಮಾತು’ ಇರುವ ಹಾಗೆ ‘ಕಿವಿಹಾಡು’ ಮಾಡಿದರೆ ಹೇಗೆ ಅಂತಲೂ ಯೋಚಿಸಿದೆ. ಹತ್ತಿರ ಅನ್ನುವ ಅರ್ಥ ಅದರಲ್ಲಿ ಸರಿಯಾಗಿ ಸಿಗುತ್ತದೆ. ಆದರೆ ‘ಕಿವಿಹಾಡುಗಾರ’ ಅಂದರೆ ಓದುವವರು ತಡವರಿಸುತ್ತಾರೆ. ಸದ್ಯಕ್ಕೆ ‘ಮೆಲುಹಾಡುಗಾರ’ ಅಂತ ಬರೆದಿಟ್ಟಿದ್ದೇನೆ. ಇಲ್ಲಿ ಮೆಲು ಅನ್ನುವುದು ದನಿಗಲ್ಲ, ಹಾಡುವ ರೀತಿಗೆ ಅಂಟಿಕೊಳ್ಳುತ್ತದೆ. ಹೆಂಗಸರಿಗೆ ‘ಮೆಲುಹಾಡುಗಾರ್ತಿ’ ಅನ್ನಬಹುದು. ನಿಮಗೆ ಹೇಗೆ ಕೇಳಿಸುತ್ತದೆ, ಮುಚ್ಚುಮರೆಯಿಲ್ಲದೆ ಹೇಳಿ.

ಇನ್ನು ಚಾರ್ಟ್. ನಮ್ಮಲ್ಲಿ ಚಾರ್ಟ್ ಅಂದರೆ ಶಾಲೆಯ ಗೋಡೆಗೆ ಅಂಟಿಸಿದ್ದು, ಇಲ್ಲವೇ ರೈಲಿನದು: ‘ಚಾರ್ಟ್ ಬಂತಾ, ಸೀಟ್ ಕನ್ಫರ್ಮ್ ಆಯ್ತಾ?’ ಹಾಡುಗಳ ಚಾರ್ಟ್, ಅಂದರೆ ಯಾವ ಹಾಡು ಎಷ್ಟು ಜನಪ್ರಿಯ ಅಂತ ಹೇಳುವ ಪಟ್ಟಿ, ಎಲ್ಲರಿಗೂ ಹೊಳೆಯುವುದಿಲ್ಲ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾದಲ್ಲಿ ನಿರೂಪಕ ಅಮೀನ್ ಸಯಾನಿ ‘ಪಾಯ್ದಾನ್’ ಅನ್ನುತ್ತಿದ್ದರು. ಮೆಟ್ಟಿಲು ಅಂತ ಅರ್ಥ. ಈ ವಾರ ಈ ಹಾಡು ಯಾವ ಮೆಟ್ಟಿಲಲ್ಲಿದೆ, ಅಷ್ಟೇ. ಎಷ್ಟು ಸಲೀಸಾಗಿದೆ ನೋಡಿ. ನಾನು ‘ವಾರದ ಪಟ್ಟಿ’ ಅಂತ ಇಟ್ಟುಕೊಂಡು, ಒಳಗೆ ‘ಮೊದಲ ಮೆಟ್ಟಿಲು’ ಅಂತ ಬಳಸುತ್ತಿದ್ದೇನೆ.

ಪೈಪೋಟಿಯ ಬಗ್ಗೆ ನನ್ನ ತಕರಾರು ಜಾಸ್ತಿ. ನಮ್ಮ ಪತ್ರಿಕೆಗಳಾದರೆ ‘ಯುವಕರಿಗೆ ಸೆಡ್ಡು ಹೊಡೆದ 85ರ ಅಜ್ಜ’ ಅಂತ ತಲೆಬರಹ ಹಾಕುತ್ತವೆ. ಸೆಡ್ಡು ಹೊಡೆಯುವುದು ಗರಡಿಮನೆಯ ಮಾತು. ತೊಡೆ ತಟ್ಟಿ ಎದುರಾಳಿಯನ್ನು ಅಖಾಡಕ್ಕೆ ಕರೆಯುವುದು. ಹಿಂದೆ ಹಾಗೆ ಕಾಣಿಸಿದ್ದೂ ಉಂಟು. 1964ರ ಆಗಸ್ಟಿನಲ್ಲಿ 47ರ ಕ್ರೂನರ್ ಡೀನ್ ಮಾರ್ಟಿನ್ ಅಮೆರಿಕದ ಪಟ್ಟಿಯಲ್ಲಿ ಬ್ರಿಟನ್ನಿನ ಎಳೆಯರ ತಂಡ ಬೀಟಲ್ಸ್‌ನ ಹಾಡನ್ನು ಮೊದಲ ಮೆಟ್ಟಿಲಿನಿಂದ ಇಳಿಸಿದರು. 1967ರಲ್ಲಿ ಇನ್ನೊಬ್ಬ ಕ್ರೂನರ್ ಎಂಗಲ್ಬರ್ಟ್ ಹಂಪರ್ಡಿಂಕ್ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಮೆಟ್ಟಿಲು ಬಿಟ್ಟುಕೊಡಲಿಲ್ಲ. ಬೀಟಲ್ಸ್ ಎರಡನೆಯದರಲ್ಲೇ ನಿಂತರು. (ಈ ಎಂಗಲ್ಬರ್ಟ್ 1936ರಲ್ಲಿ ಹುಟ್ಟಿದ್ದು ಮದ್ರಾಸಿನಲ್ಲಿ. ಅವರಿಗೆ ಆಗ ವಯಸ್ಸೇನೂ ಆಗಿರಲಿಲ್ಲ. ಹಳೆಯದಾಗಿದ್ದದ್ದು ಹಾಡಿನ ರೀತಿ.)

ಬೆನೆಟ್ ಕಥೆ ಬೇರೆ. ಅವರ ಮಗ ಡ್ಯಾನಿಯೇ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಅಪ್ಪನ ಸೂಟು ಬದಲಿಸಲಿಲ್ಲ, ಹಾಡೂ ಬದಲಿಸಲಿಲ್ಲ. ಹಾಗೇ ಕರೆದುಕೊಂಡು ಹೋಗಿ 1994ರಲ್ಲಿ ಎಳೆಯರ ಸಂಗೀತ ವಾಹಿನಿ ಎಂಟಿವಿಯ ಹುಡುಗ ಹುಡುಗಿಯರ ಮುಂದೆ ನಿಲ್ಲಿಸಿದರು. ಅದೇ ಧ್ವನಿಮುದ್ರಣಕ್ಕೆ 1995ರಲ್ಲಿ ವರ್ಷದ ಆಲ್ಬಂ ಅಂತ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿ ಬಂತು. 2011ರಲ್ಲಿ, 85ನೇ ವಯಸ್ಸಿನಲ್ಲಿ, ಜೋಡಿಹಾಡುಗಳ ಆಲ್ಬಂ ಅಮೆರಿಕದ ಸಂಗೀತ ಪತ್ರಿಕೆಯಾದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಮೆಟ್ಟಿಲು ಹತ್ತಿತು. ಮೊದಲ ವಾರಕ್ಕೇ ಸುಮಾರು 1,79,000 ಪ್ರತಿ ಹೋದವು. ಅದರಲ್ಲಿ ಅವರ ಜೊತೆ ಹಾಡಿದವರಲ್ಲಿ ಬ್ರಿಟನ್ನಿನ ಗಾಯಕಿ ಏಮಿ ವೈನ್‌ಹೌಸ್ ಕೂಡ ಇದ್ದರು. ಆ ಹುಡುಗಿಯ ಕಡೆಯ ಧ್ವನಿಮುದ್ರಣ ಅದು. 27ಕ್ಕೇ ಹೋಗಿಬಿಟ್ಟರು. ಮತ್ತೆ 2014ರಲ್ಲಿ 28ರ ಪಾಪ್ ಗಾಯಕಿ ಲೇಡಿ ಗಾಗಾ ಜೊತೆ, ತಮ್ಮ 88ನೇ ವಯಸ್ಸಿನಲ್ಲಿ, ಬೆನೆಟ್ ಮತ್ತೆ ಮೊದಲ ಮೆಟ್ಟಿಲಲ್ಲಿ ನಿಂತರು.

ಹೀಗೆ ಕೈ ಹಿಡಿದುಕೊಂಡು ಹತ್ತಿದವರಿಗೆ ಪೈಪೋಟಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ‘ಎಳೆಯರ ಸರಿಸಮ ನಿಂತರು’ ಅಂದರೆ ಸಾಕಲ್ವಾ? ಅಥವಾ ‘ಸಾಟಿಯಾದರು’ ಅನ್ನೋಣವೇ? ಮೂಲದ ಲೇಖಕರು ಪೈಪೋಟಿ ಅಂತಲೇ ಬರೆದಿರುವಾಗ ಅನುವಾದಕಿ ಅಷ್ಟು ಸಲಿಗೆ ತೆಗೆದುಕೊಳ್ಳಬಹುದೇ ಅನ್ನುವುದು ನನ್ನ ಎರಡನೇ ಪ್ರಶ್ನೆ.

ಮೂರನೆಯದು ಉತ್ತರ ಕರ್ನಾಟಕದವರಿಗೆ, ಕರಾವಳಿಯವರಿಗೆ, ಚಾಮರಾಜನಗರದ ಕಡೆಯವರಿಗೆ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಅದರ ಕಿವಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, ಆದರೆ ಮಾತು ಬಿಡಿಸಿ ಹಾಡುತ್ತಾರಲ್ಲ, ಅದಕ್ಕೆ ನಿಮ್ಮ ಮನೆಗಳಲ್ಲಿ ಬೇರೆ ಪದ ಇದೆಯಾ? ಜೋಗುಳ, ಲಾಲಿ ಹಾಡಿನ ಹೆಸರುಗಳು. ನನಗೆ ಬೇಕಿರುವುದು ಆ ಹಾಡುವಿಕೆಯ ಹೆಸರು. ಮನೆಯಲ್ಲಿ ಅಜ್ಜಿ ಇದ್ದರೆ ದಯವಿಟ್ಟು ಒಂದು ಸಲ ಕೇಳಿ ಬರೆಯಿರಿ. ಬರಹ ಕಳಿಸಲು ಇನ್ನು ಹತ್ತು ದಿನ ಇದೆ.