ಅಪ್‌ಡೇಟ್: ಮಿನ್ನೋ ಬಲೆಗೆ ಕೊನೆಗೂ ಮೀನು ಬಿತ್ತು

ಅಮೆರಿಕದ ಮಿಸೌರಿಯ ನಮ್ಮ ಮನೆ ಹಿಂದಿನ ಕೊಳಕ್ಕೆ ಫ್ಯಾಟ್‌ಹೆಡ್ ಮಿನ್ನೋ (ಗಾಳಕ್ಕೆ ಎರೆಯಾಗಿ ಬಳಸುವ ಸಣ್ಣ ಮೀನು) ಬಿಟ್ಟಿದ್ದೇವೆ, ಆದರೆ ತಂತಿ ಬಲೆ ದಿನಾ ಖಾಲಿ ಬರುತ್ತಿದೆ, ಏನು ಮಾಡಲಿ ಅಂತ ಎರಡು ವಾರದ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಸಮಸ್ಯೆ ಇದ್ದದ್ದು ಜಾಗದಲ್ಲಿ. ನಾನು ಬಲೆಯನ್ನು ಕೊಳದ ನಡುವೆ ಆಳಕ್ಕೆ ಇಳಿಸುತ್ತಿದ್ದೆ. ಅಲ್ಲಿ ಸಣ್ಣ ಮೀನುಗಳನ್ನು ತಿನ್ನುವ ಬಾಸ್ ಮೀನು ಓಡಾಡುತ್ತದೆ, ಮಿನ್ನೋ ಯಾಕೆ ಬರುತ್ತದೆ ಅಲ್ವಾ? ನೀವು ಹೇಳಿದಂತೆ ದಡದ ಜೊಂಡಿನ ಪಕ್ಕ, ಎರಡು ಅಡಿ ನೀರಿಗೆ ಸರಿಸಿದೆ. ಒಳಗೆ ಬ್ರೆಡ್ ಬದಲು ನಾಯಿ ಬಿಸ್ಕತ್ತು ಹಾಕಿದೆ. ಬ್ರೆಡ್ ಬೇಗ ಕರಗಿ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ 40ಕ್ಕೂ ಜಾಸ್ತಿ ಮೀನು! ಜೊತೆಗೆ ಬ್ಲೂಗಿಲ್ ಅನ್ನುವ ಬೇರೆ ಜಾತಿ ಮೀನಿನ ಎರಡು ಮರಿ.

ನೀರಲ್ಲಿ ಬಿದ್ದಿದ್ದ ಹಲಗೆ ಎತ್ತಿ ನೋಡಿದರೆ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಅಂಟಿದ್ದವು. ಕಪ್ಪು ತಲೆ, ಮೂತಿ ಮೇಲೆ ಬಿಳಿ ಗುಳ್ಳೆಗಳಿದ್ದ ಗಂಡು ಮಿನ್ನೋ ಅಲ್ಲೇ ಕಾವಲಿತ್ತು. ತಕ್ಷಣ ಹಲಗೆ ವಾಪಸ್ ಇಟ್ಟೆ. ಇನ್ನೂ ನಾಲ್ಕು ಹಲಗೆ ತೇಲಿಬಿಟ್ಟಿದ್ದೇನೆ. ಬಾಸ್ ಇರುವ ಕೊಳದಲ್ಲಿ ಫ್ಯಾಟ್‌ಹೆಡ್ ಬೇಗ ಖಾಲಿಯಾಗುತ್ತದೆ, ಅದಕ್ಕೇ ಈ ಕಾಳಜಿ.

ಒಂದು ನಷ್ಟವೂ ಆಯಿತು. ಬಲೆಗೆ ಬಿದ್ದ ಮೀನುಗಳನ್ನೆಲ್ಲ ಒಂದೇ ಬಕೆಟ್‌ಗೆ ಹಾಕಿ ಬಿಸಿಲಲ್ಲಿ ಬಿಟ್ಟಿದ್ದೆ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು, ಹತ್ತು ಸತ್ತವು. ಬೇಜಾರಾಯಿತು. ಈಗ ನೆರಳಲ್ಲಿಟ್ಟು ಸಣ್ಣ ಗಾಳಿ ಪಂಪ್ ಹಾಕುತ್ತೇನೆ, ಬೇಕಾದಷ್ಟೇ ಹಿಡಿಯುತ್ತೇನೆ.

ಎರೆಯಾಗಿ ಹಾಕುವಾಗ ಗಾಳವನ್ನು ಮಿನ್ನೋದ ಎರಡೂ ತುಟಿಗೆ ಚುಚ್ಚಿದರೆ ಅದು ಹೆಚ್ಚು ಹೊತ್ತು ಈಜುತ್ತದೆ. ಶನಿವಾರ ಸಂಜೆ ಮಗಳು ಮೊದಲ ಬಾಸ್ ಎಳೆದಳು.