ಅಪ್‌ಡೇಟ್: ಜಿಮ್ನಿಗೆ ಮಡ್ ಟೈರ್, ಕೊನೆಗೆ 215/75 ಆರ್15

ನನ್ನ ಮಾರುತಿ ಜಿಮ್ನಿ (ಫೋರ್‌ವೀಲ್ ಗಾಡಿ) ಸಕಲೇಶಪುರದ ತೋಟದ ಕೆಸರು ದಾರಿ ಹತ್ತೋಕೆ ಯಾವ ಟೈರ್ ಹಾಕಿಸಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ, 215/75 (ಅಗಲ 215 ಮಿ.ಮೀ., ಪಕ್ಕದ ಎತ್ತರ ಅದರ ಶೇ. 75) ಹಾಕಿಸಿದ್ದಾಯ್ತು. ಕಂಪನಿಯ 195/80ಕ್ಕಿಂತ ವ್ಯಾಸ ಸುಮಾರು 10 ಮಿ.ಮೀ. ಜಾಸ್ತಿ ಅಷ್ಟೇ, ಸಸ್ಪೆನ್ಷನ್ ಎತ್ತರಿಸುವ ಲಿಫ್ಟ್ ಬೇಕಾಗಲಿಲ್ಲ. ಕೆಲವರು ಕೊಟ್ಟ 235/75 ಸಲಹೆ ಆಗಿಬರಲಿಲ್ಲ: ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತೆ.

ನಿಜವಾಗಿ ಗೆದ್ದಿದ್ದು ‘ಮೊದಲು ಗಾಳಿ ಇಳಿಸಿ’ ಅಂದವರ ಮಾತು. 18 ಪಿಎಸ್‌ಐಗೆ ಇಳಿಸಿದರೆ ಏರು ಸಲೀಸು. ಹಳೇ ಟೈರಿನ ಸಣ್ಣ ಸಂದುಗಳಲ್ಲಿ ಕೆಂಪು ಜೇಡಿ ಮೆತ್ತಿಕೊಂಡು ಬೋಳು ಟೈರಿನ ಹಾಗೆ ಜಾರುತ್ತಿತ್ತು. ಈಗಿನ ಮಡ್ ಟೈರಿನ ಅಗಲ ಸಂದುಗಳಿಂದ ಚಕ್ರ ತಿರುಗಿದಂತೆ ಜೇಡಿ ಮುದ್ದೆಮುದ್ದೆಯಾಗಿ ಹಾರಿಹೋಗುತ್ತೆ. ಟಾರ್ ರೋಡಿಗೆ ಹತ್ತುವ ಮುಂಚೆ ಮತ್ತೆ ಗಾಳಿ ತುಂಬಲೇಬೇಕು, ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳಿ.

ಅಂದುಕೊಳ್ಳದೇ ಇದ್ದದ್ದು: ಒದ್ದೆ ಟಾರಿನ ಮೇಲೆ ಬ್ರೇಕ್ ಹಿಡಿತ ಕಮ್ಮಿ, ಜೊತೆಗೆ ಗುಂಯ್ ಸದ್ದು ಬೇರೆ. ಸ್ಟೆಪ್ನಿಯನ್ನೂ ಅದೇ ಸೈಜಿಗೆ ಬದಲಿಸಿ. ವ್ಯಾಸ ಬೇರೆಯಾದರೆ ಫೋರ್‌ವೀಲಿನಲ್ಲಿ ಟ್ರಾನ್ಸ್‌ಫರ್ ಕೇಸಿಗೆ (ಹಿಂದಿನ-ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಏಟು.