ರಾತ್ರಿ ಗಟ್ಟಿ, ಬೆಳಿಗ್ಗೆ ಚಪ್ಪಟೆ: ನನ್ನ ಗಾಡಿ ಗಾಳಿ ಯಾರಾದ್ರೂ ಬಿಡ್ತಿದ್ದಾರಾ?

ಹಿಂದಿನಚಕ್ರ

ಎಲ್ಲರಿಗೂ ನಮಸ್ಕಾರ. ಓದಿ ನಗಬೇಡಿ, ನಿಜವಾಗ್ಲೂ ತಲೆ ಕೆಟ್ಟು ಕೂತಿದ್ದೀನಿ.

ನನ್ನದು ಸ್ಪೋಕ್ಸ್ ಚಕ್ರದ, ಟ್ಯೂಬ್ ಟೈರಿನ ಹಳೇ ಗಾಡಿ. ಮೂರು ವಾರದಲ್ಲಿ ಹಿಂದಿನ ಚಕ್ರ ನಾಲ್ಕು ಸಲ ಕೂತಿದೆ. ಮೊದಲನೇ ಸಲ ಮೊಳೆ ಚುಚ್ಚಿಕೊಂಡಿದ್ದು ಕಣ್ಣಿಗೇ ಕಾಣ್ತಿತ್ತು, ತೆಗೆಸಿ ಪ್ಯಾಚ್ ಹಾಕಿಸಿದೆ. ಆಮೇಲಿನ ಮೂರು ಸಲ ಹೊರಗಿಂದ ಏನೇನೂ ಇಲ್ಲ. ಪ್ರತಿ ಸಲ ಪಂಚರ್ ಹಾಕೋರು ಟ್ಯೂಬ್ ತೆಗೆದು, ನೀರಲ್ಲಿ ಅದ್ದಿ, "ಚಿಕ್ಕ ತೂತು" ಅಂತ ಪ್ಯಾಚ್ ಹಚ್ಚಿ ಕಳಿಸ್ತಾರೆ. ನಾಲ್ಕೈದು ದಿನ ಚೆನ್ನಾಗಿರುತ್ತೆ. ರಾತ್ರಿ ಹೆಬ್ಬೆರಳಲ್ಲಿ ಒತ್ತಿ ನೋಡಿ, ಗಟ್ಟಿ ಇದೆ ಅಂತ ಖಾತ್ರಿ ಮಾಡ್ಕೊಂಡೇ ಮಲಗ್ತೀನಿ. ಬೆಳಿಗ್ಗೆ ಹೆಲ್ಮೆಟ್ ಹಾಕ್ಕೊಂಡು ಬಂದರೆ ಗಾಡಿ ಹಿಂದೆ ಕುಕ್ಕರಗಾಲಲ್ಲಿ ಕೂತಿರುತ್ತೆ.

ಈಗ ಅಸಲಿ ವಿಷಯ. ಹೋದ ತಿಂಗಳು ಯಾರೋ ಹ್ಯಾಂಡಲ್ ಲಾಕ್‌ಗೆ ಕೈ ಹಾಕಿದ್ದಾರೆ. ಕೀ ತೂರಿಸೋ ಬಾಯಿಯ ಸುತ್ತ ಸ್ಕ್ರೂಡ್ರೈವರ್ ಗೀರು ಸ್ಪಷ್ಟವಾಗಿದೆ, ಅವತ್ತಿಂದ ಕೀ ಬಿಗಿಯಾಗಿ ತಿರುಗುತ್ತೆ. ಜೊತೆಗೆ, ಗಾಡಿ ನಿಲ್ಲಿಸೋ ಜಾಗದ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಒಂದು ಸಲ ಮಾತಿಗೆ ಮಾತು ಬೆಳೆದಿತ್ತು. ಅವರಾ? ಇಲ್ಲ ಆ ಕಳ್ಳನೇ ಏನಾದ್ರೂ ಲೆಕ್ಕ ಹಾಕ್ಕೊಂಡು ಗಾಳಿ ಬಿಡ್ತಿದ್ದಾನಾ? ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿಯಿಂದ ಕಾವಲು ಕಾದೆ. ಸೀಟಿನ ಮೇಲೆ ಒಂದು ಬೆಕ್ಕು ಮಲಗಿತ್ತು, ಅಷ್ಟೇ.

ಟ್ಯೂಬ್ ಹೊಸದು ಹಾಕಿಸಲಾ, ಕ್ಯಾಮೆರಾ ಹಾಕಿಸಲಾ?

ಗ್ರೀಸ್‌ಕೈ

ಪಕ್ಕದ ಮನೆಯವರನ್ನ ಬಿಟ್ಟುಬಿಡಿ ಮಾರಾಯ್ರೇ.

ಬೆಳಿಗ್ಗೆ ನೋಡಿದಾಗ ವಾಲ್ವಿನ ಕ್ಯಾಪ್ ಜಾಗದಲ್ಲಿತ್ತಾ? ಕತ್ತಲಲ್ಲಿ ಕದ್ದು ಗಾಳಿ ಬಿಡೋನು ಕೆಲಸ ಮುಗಿಸಿ ಕ್ಯಾಪ್ ತಿರುಗಿಸಿ ಹಾಕಿ ಹೋಗೋಷ್ಟು ಮರ್ಯಾದಸ್ಥ ಆಗಿರಲ್ಲ. ಕ್ಯಾಪ್ ಇದ್ದರೆ ಗಾಳಿ ತಾನಾಗೇ ಇಳಿದಿದೆ ಅಂತ ಇಟ್ಕೊಳ್ಳಿ. ಹಾಗೇ ಕ್ಯಾಪ್ ತೆಗೆದು ವಾಲ್ವಿನ ಬಾಯಿಗೆ ಸ್ವಲ್ಪ ಎಂಜಲು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಳಗಿನ ಪಿನ್ ಸಡಿಲ ಇದೆ, ಬಿಗಿ ಮಾಡಿದರೆ ಕಥೆ ಮುಗೀತು.

ಗುಳ್ಳೆ ಬರದಿದ್ದರೆ ಟೈರು ಬಿಚ್ಚಲೇಬೇಕು. ಇಲ್ಲೇ ಎಲ್ಲರೂ ತಪ್ಪೋದು. ಟ್ಯೂಬಿಗೆ ಪ್ಯಾಚ್ ಹಾಕ್ತಾರೆ, ಟೈರಿನ ಒಳಗೆ ಏನಿದೆ ಅಂತ ನೋಡಲ್ಲ. ಚುಚ್ಚಿದ್ದು ಅಲ್ಲೇ ಕೂತಿರುತ್ತೆ, ನಾಲ್ಕು ದಿನ ಓಡಿದ ಮೇಲೆ ಪ್ಯಾಚಿನ ಪಕ್ಕದಲ್ಲೇ ಮತ್ತೆ ಚುಚ್ಚುತ್ತೆ.

ಬಿಚ್ಚೋ ಮುಂಚೆ ವಾಲ್ವಿನ ಎದುರಿಗೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ. ಟ್ಯೂಬ್ ಹೊರಗೆ ತೆಗೆದು ಗಾಳಿ ತುಂಬಿ, ನೀರಲ್ಲಿ ಅದ್ದಿ, ಗುಳ್ಳೆ ಬಂದಲ್ಲಿ ಗುರುತು ಮಾಡಿ. ವಾಲ್ವಿನಿಂದ ಆ ತೂತು ಎಷ್ಟು ಗೇಣೋ, ಟೈರಿನಲ್ಲಿ ನಿಮ್ಮ ಗೆರೆಯಿಂದಲೂ ಅಷ್ಟೇ ಗೇಣು. ಟ್ಯೂಬ್ ಯಾವ ಮಗ್ಗುಲಿಗೆ ಇತ್ತು ಅನ್ನೋದು ಮರೆತಿದ್ದರೆ ಗೆರೆಯ ಎಡಕ್ಕೂ ಬಲಕ್ಕೂ ಅಳೀರಿ, ಎರಡರಲ್ಲಿ ಒಂದು ಜಾಗ. ಅಲ್ಲಿ ಬೆರಳಾಡಿಸಬೇಡಿ, ಸೀಳಿಕೊಳ್ತೀರಿ. ಒಂದು ಹತ್ತಿ ಉಂಡೆ ತಗೊಂಡು ಒಳಮೈ ಮೇಲೆ ನಿಧಾನಕ್ಕೆ ಸವರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿದ್ದಾನೆ ನಿಮ್ಮ ಕಳ್ಳ.

ತೂತು ಎಲ್ಲಿದೆ ಅನ್ನೋದರ ಮೇಲೇ ಅರ್ಧ ವಿಷಯ ಗೊತ್ತಾಗುತ್ತೆ. ಟ್ಯೂಬಿನ ಹೊರಮೈಲಿ, ಅಂದರೆ ರಸ್ತೆ ಕಡೆ ಇದ್ದರೆ ಮೊಳೆ, ಮುಳ್ಳು, ತಂತಿ. ರಿಮ್ ಕಡೆ ಇದ್ದರೆ ಯಾವುದೋ ಸ್ಪೋಕಿನ ತುದಿ, ರಿಮ್ಮಿನ ಒಳಗೆ ಸುತ್ತಿರೋ ರಿಮ್ ಟೇಪ್ ದಾಟಿ ಚುಚ್ಚುತ್ತಿದೆ. ಅಕ್ಕಪಕ್ಕ ಜೋಡಿ ತೂತಿದ್ದರೆ ಹಾವು ಕಚ್ಚಿದ ಹಾಗೆ ಕಾಣುತ್ತೆ: ಗಾಳಿ ಕಮ್ಮಿ ಇದ್ದಾಗ ಗುಂಡಿಗೆ ಇಳಿಸಿದ್ದೀರಿ, ಇಲ್ಲ ಬಿಚ್ಚಿದೋರು ಟೈರು ಎಬ್ಬಿಸೋ ಲಿವರಲ್ಲಿ ಟ್ಯೂಬನ್ನೇ ಹಿಡಿದು ಒತ್ತಿದ್ದಾರೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಗಾಳಿ ಇಲ್ಲದೆ ಓಡಿಸಿದ್ದೀರಿ, ಟೈರಿನ ಜೊತೆ ಟ್ಯೂಬೂ ಜಾರಿ ವಾಲ್ವನ್ನ ಎಳೆದಿದೆ. ಅದಕ್ಕೆ ಪ್ಯಾಚ್ ನಿಲ್ಲಲ್ಲ, ಟ್ಯೂಬೇ ಬದಲಿಸಬೇಕು.

ಇನ್ನು ಆ ಹೆಬ್ಬೆರಳಿನ ಪರೀಕ್ಷೆ. ಅರ್ಧ ಗಾಳಿ ಇದ್ದರೂ ಟೈರು ಬೆರಳಿಗೆ ಗಟ್ಟಿಯೇ. ಒಂದು ಗೇಜ್ ಇಟ್ಕೊಳ್ಳಿ, ಗಾಡಿ ಓಡಿಸೋ ಮುಂಚೆ, ಟೈರು ತಣ್ಣಗಿದ್ದಾಗ ಅಳೀರಿ.

ಬೇಗಹೋಗುವವ

ಇಷ್ಟೆಲ್ಲ ಯಾಕೆ ಗುರುಗಳೇ, ಟ್ಯೂಬ್‌ಲೆಸ್ ಟೈರ್ ಹಾಕಿಸಿಬಿಡಿ. ಮೊಳೆ ಚುಚ್ಚಿದರೂ ಮನೆ ಮುಟ್ಟಬಹುದು, ಆಮೇಲೆ ರಸ್ತೆ ಬದಿಯಲ್ಲೇ ಐದು ನಿಮಿಷದಲ್ಲಿ ತೂತಿಗೆ ರಬ್ಬರ್ ಪ್ಲಗ್ ಹೊಡೀಬಹುದು.

ಗ್ರೀಸ್‌ಕೈ

ಅವರದು ಸ್ಪೋಕ್ಸ್ ಚಕ್ರ ಕಣಪ್ಪ. ಒಂದೊಂದು ಸ್ಪೋಕಿಗೂ ರಿಮ್ಮಿನಲ್ಲಿ ಒಂದೊಂದು ತೂತಿದೆ, ಗಾಳಿ ನಿಲ್ಲೋದು ಎಲ್ಲಿ? ಟ್ಯೂಬ್‌ಲೆಸ್‌ಗೆ ಅಂತಲೇ ಮಾಡಿದ ಸ್ಪೋಕ್ಸ್ ರಿಮ್ ಬೇರೆ ಇರುತ್ತೆ, ಇವರ ಹಳೇ ಗಾಡೀದು ಅದಲ್ಲ. ಪ್ಲಗ್ ಕೂಡ ರಸ್ತೆಗೆ ತಾಗೋ ಭಾಗಕ್ಕೆ ಮಾತ್ರ. ಟೈರಿನ ಪಕ್ಕೆಯಲ್ಲಿ ತೂತಾಗಿದ್ದರೆ ಪ್ಲಗ್ ಹೊಡೆದು ಓಡಿಸಬೇಡಿ, ಆ ಜಾಗ ಪ್ರತಿ ಸುತ್ತಿಗೂ ಬಾಗ್ತಾ ಇರುತ್ತೆ.

ಎರಡನೇಕೀ

ಪಂಚರ್ ವಿಷಯದಲ್ಲಿ ಗ್ರೀಸ್‌ಕೈ ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಆದರೆ ಹಿಂದಿನಚಕ್ರ ಅವರೇ, ನೀವು ಗಾಳಿಯ ಚಿಂತೆಯಲ್ಲಿ ಆ ಗೀರನ್ನು ಸುಮ್ಮನೆ ಸಾಕ್ಷಿಗೆ ತಂದಂತೆ ಬರೆದಿದ್ದೀರಿ. ನನಗೆ ಅದನ್ನು ಓದಿಯೇ ಹೊಟ್ಟೆ ತೊಳಸಿತು.

ನನ್ನ ಗಾಡಿ ಹೋದದ್ದು ಹಗಲು ಹೊತ್ತಿನಲ್ಲಿ. ಹ್ಯಾಂಡಲ್ ಲಾಕ್ ಹಾಕಿದ್ದೆ, ಅದರಲ್ಲಿ ಅನುಮಾನವಿಲ್ಲ. ವಾಪಸ್ ಬಂದಾಗ ಮೊದಲು ಅನಿಸಿದ್ದು ಕಳುವಾಗಿದೆ ಅಂತಲ್ಲ, ಬೇರೆ ಸಾಲಿನಲ್ಲಿ ನಿಲ್ಲಿಸಿರಬೇಕು ಅಂತ. ಎರಡು ಸಾಲೂ ಮೂರು ಮೂರು ಸಲ ತಿರುಗಿದೆ. ಆಮೇಲೆ ನೆಲ ನೋಡಿದೆ. ನನ್ನ ಇಂಜಿನ್ನಿನ ಡ್ರೇನ್ ಬೋಲ್ಟ್‌ನಿಂದ ಆಯಿಲ್ ಜಿನುಗುತ್ತಿತ್ತು, ಸರಿಮಾಡಿಸುವುದನ್ನು ಮುಂದೂಡುತ್ತಲೇ ಇದ್ದೆ. ಖಾಲಿ ಜಾಗದ ನಡುವೆ ಕಾಸಿನಗಲದ ಕಪ್ಪು ಕಲೆ, ಇನ್ನೂ ಹಸಿ. ಅಲ್ಲೇ ಕೂತುಬಿಟ್ಟೆ.

ದೂರು ಕೊಡಲು ಹೋದರೆ ಇಂಜಿನ್ ನಂಬರ್, ಚಾಸಿ ನಂಬರ್ ಕೇಳಿದರು. ನನಗೆ ಬಾಯಿಗೆ ಬರುತ್ತಿದ್ದದ್ದು ನಂಬರ್ ಪ್ಲೇಟು ಮಾತ್ರ. ಕದ್ದವರು ಮೊದಲು ಕಿತ್ತೆಸೆಯುವುದು ಅದನ್ನೇ. ಕಾಗದಗಳೋ, ಸೀಟಿನ ಕೆಳಗೆ, ಗಾಡಿಯ ಜೊತೆಯಲ್ಲೇ ಪ್ರಯಾಣ! ವಿಮೆಯವರು ಎರಡೂ ಕೀ ತಂದುಕೊಡಿ ಅಂದರು. ಒಂದೇ ಕೊಟ್ಟರೆ ಇನ್ನೊಂದು ಗಾಡಿಯಲ್ಲೇ ಬಿಟ್ಟಿದ್ದಿರೇನೋ ಎಂಬ ಅನುಮಾನ ಅವರಿಗೆ. ಎರಡನೇ ಕೀಗೆ ಮೂರು ದಿನ ಮನೆಯೆಲ್ಲ ತಡಕಾಡಿದೆ. ಕೊನೆಗೆ ಸಿಕ್ಕಿದ್ದು ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ. ನನ್ನ ಹೆಸರು ಹೀಗೆ ಯಾಕಿದೆ ಅಂತ ಈಗ ಗೊತ್ತಾಯಿತಲ್ಲ.

ಈಗಲೇ ಎದ್ದು ಹೋಗಿ ಎರಡು ಫೋಟೋ ತೆಗೆದಿಡಿ. ಇಂಜಿನ್ ಮೈಮೇಲೆ ಕೊರೆದ ನಂಬರ್ ಒಂದು, ಚಾಸಿ ನಂಬರ್ ಇನ್ನೊಂದು. ಎರಡನೆಯದು ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡಲ್ ತಿರುಗಿಸಿದರೆ ಚಾಸಿಯ ಮುಂದಿನ ಕೊಳವೆಯ ಮೇಲೆ ಕಾಣುತ್ತದೆ, 17 ಅಕ್ಷರ-ಅಂಕಿಗಳಿರುತ್ತವೆ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, ಹಾಗಾಗಿ ಓ ಅಂತ ಕಂಡರೆ ಅದು ಸೊನ್ನೆ.

ಗೀರು ಬಿದ್ದ ಲಾಕ್ ಬದಲಿಸಿ. ಬಿಗಿಯಾದ ಕೀ ಒಂದು ದಿನ ಒಳಗೇ ಮುರಿಯುತ್ತದೆ. ಹ್ಯಾಂಡಲ್ ಲಾಕ್ ಅನ್ನುವುದು ಹಠ ಹಿಡಿದು ತಿರುಚಿದರೆ ಮುರಿಯುವ ಸಣ್ಣ ಕಡ್ಡಿ, ಅದರ ಮೇಲೆ ಇನ್ನೊಂದು ಬೇಕೇ ಬೇಕು. ಸರಪಳಿ ಹಾಕುವುದಾದರೆ ಹಿಂದಿನ ಚಕ್ರ ಮತ್ತು ಚಾಸಿ ಎರಡನ್ನೂ ಸುತ್ತಿ ಕಂಬಕ್ಕೆ ಕಟ್ಟಿ. ಮುಂದಿನ ಚಕ್ರಕ್ಕಷ್ಟೇ ಕಟ್ಟಿದರೆ ಚಕ್ರ ನಿಮಗೆ, ಗಾಡಿ ಅವರಿಗೆ. ಸರಪಳಿ ನೆಲಕ್ಕೆ ಬಿದ್ದಿರಬಾರದು. ನೆಲದ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುವುದು, ಕತ್ತರಿಸುವುದು ಸುಲಭ.

ಬೇಗಹೋಗುವವ

ಬ್ರೇಕಿನ ಡಿಸ್ಕಿಗೆ ಹಾಕೋ ಡಿಸ್ಕ್ ಲಾಕ್ ತಗೊಂಡರೆ, ಲಾಕ್ ಇದೆ ಅಂತ ನೆನಪಿಸೋಕೆ ಅದರ ಜೊತೆ ಬರೋ ಸುರುಳಿ ಹಗ್ಗನ ಹ್ಯಾಂಡಲ್‌ಗೆ ಸಿಕ್ಕಿಸೋದು ಮರೀಬೇಡಿ. ನಾನು ಅದನ್ನ ಮಕ್ಕಳ ಆಟಿಕೆ ಅಂದ್ಕೊಂಡು ಬಿಸಾಕಿದ್ದೆ. ಎರಡನೇ ದಿನ ಲಾಕ್ ಇರೋದೇ ಮರೆತು ಗೇರ್ ಹಾಕಿ ಹೊರಟೆ. ಚಕ್ರ ಅರ್ಧ ಸುತ್ತು ತಿರುಗಿ ಲಾಕ್ ಬ್ರೇಕಿನ ಕ್ಯಾಲಿಪರ್‌ಗೆ ಬಡೀತು, ನಾನು ಜನರ ಮಧ್ಯೆ ಸಾಷ್ಟಾಂಗ. ಡಿಸ್ಕ್ ಸೊಟ್ಟ, ಮೊಣಕಾಲು ಸುಲಿದಿತ್ತು. ಗಾಡಿ ಮಾತ್ರ ಕಳುವಾಗಲಿಲ್ಲ, ಅದೊಂದು ಒಪ್ಪಲೇಬೇಕು.

ಹಿಂದಿನಚಕ್ರ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇವತ್ತು ರಜೆ, ನಾನೇ ಬಿಚ್ಚಿದೆ.

ಕ್ಯಾಪ್ ಇತ್ತು. ಎಂಜಲಿಗೆ ಗುಳ್ಳೆ ಬರಲಿಲ್ಲ. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿತ್ತು, ಹಿಮ್ಮಡಿಯಲ್ಲಿ ನಿಂತು ಕುಣಿದ ಮೇಲೆ ಬಿಟ್ಟಿತು. ಟ್ಯೂಬ್ ತೆಗೆದು ನೋಡಿದರೆ ಮೊಳೆಯ ಪ್ಯಾಚ್ ಒಂದು ಕಡೆ ಒಂಟಿಯಾಗಿದೆ, ಅದರ ಎದುರು ಬದಿಯಲ್ಲಿ ಉಳಿದ ಪ್ಯಾಚ್‌ಗಳು ಒಂದರ ಮೈಗೊಂದು ತಾಗಿಕೊಂಡು ಕೂತಿವೆ. ಹೊಸ ತೂತು ಅವುಗಳಿಂದ ಎರಡು ಬೆರಳು ಆಚೆ, ರಸ್ತೆ ಕಡೆಯಲ್ಲೇ. ಗೆರೆಯಿಂದ ಎರಡು ಗೇಣು ಚಿಲ್ಲರೆ ಅಳೆದು ಹತ್ತಿ ಸವರಿದೆ. ಎಡಕ್ಕೆ ಏನೂ ಇಲ್ಲ. ಬಲಕ್ಕೆ ಸವರಿದಾಗ ಒಂದು ಬಿಳಿ ಎಳೆ ಗಾಳಿಯಲ್ಲಿ ನಿಂತ ಹಾಗೆ ನಿಂತುಬಿಟ್ಟಿತು. ಬರಿಗಣ್ಣಿಗೆ ಏನೂ ಕಾಣಲ್ಲ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದಾಗ ಕೂದಲಿನಷ್ಟು ಸಪೂರ ಉಕ್ಕಿನ ತಂತಿ, ಹೊರಗೆ ಬಂದದ್ದು ಉಗುರಿನ ಅಂಚಿನಷ್ಟು ಮಾತ್ರ. ಹುಬ್ಬು ಕೀಳೋ ಚಿಮಟದಲ್ಲಿ ಎಳೆದರೆ ಇನ್ನೂ ಅಷ್ಟೇ ಉದ್ದ ಒಳಗಿಂದ ಬಂತು.

ಇದಕ್ಕೋಸ್ಕರ ನಾನು ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದೆ! ಪಕ್ಕದ ಮನೆಯವರಿಗೆ ನನ್ನ ಅನುಮಾನ ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ವಾಪಸ್ ಹಾಕುವಾಗ ಲಿವರಲ್ಲಿ ಟ್ಯೂಬ್ ಹಿಡಿದು ನಾನೇ ಜೋಡಿ ತೂತು ಮಾಡಿದೆ, ಥೇಟ್ ಹಾವು ಕಚ್ಚಿದ ಹಾಗೆ. ಹಾಗಾಗಿ ಹೊಸ ಟ್ಯೂಬೇ ಬಂತು. ಫೋಟೋ ಎರಡೂ ತೆಗೆದಿದ್ದೀನಿ. ಲಾಕ್ ಸೆಟ್ ಹೇಳಿಟ್ಟಿದ್ದೀನಿ.

ಗ್ರೀಸ್‌ಕೈ

ಭೇಷ್. ಆ ತಂತಿ ಸವೆದು ಸಿಡಿದ ಲಾರಿ ಟೈರಿನೊಳಗಿಂದ ಬಿದ್ದದ್ದು ಇರಬೇಕು, ರಸ್ತೆ ಅಂಚಲ್ಲಿ ಅಂಥವು ಬೇಕಾದಷ್ಟು ಬಿದ್ದಿರುತ್ತವೆ.

ಚಕ್ರ ನೀವೇ ಹಾಕಿದ್ದೀರಿ ಅಂದಿರಲ್ಲ, ಓಡಿಸೋ ಮುಂಚೆ ಒಂದು ಸಲ ನೋಡಿ. ಚೈನು ಎರಡೂ ಕಡೆ ಒಂದೇ ಗುರುತಿಗೆ ಎಳೆದಿದೆಯಾ, ಬ್ರೇಕಿನ ರಾಡ್ ಸಿಕ್ಕಿಸಿದ್ದೀರಾ, ಬ್ರೇಕ್ ಪ್ಲೇಟ್ ತಿರುಗದ ಹಾಗೆ ಹಿಡಿದಿಡೋ ಪಟ್ಟಿಯ ನಟ್ ಬಿಗಿ ಇದೆಯಾ. ಆ ಪಟ್ಟಿ ಬಿಟ್ಟರೆ ಬ್ರೇಕ್ ಹಿಡಿದ ತಕ್ಷಣ ಚಕ್ರ ಜಾಮ್. ಆಮೇಲೆ ಆಕ್ಸಲ್ ನಟ್‌ನ ಸ್ಪ್ಲಿಟ್ ಪಿನ್, ಅದಿಲ್ಲದಿದ್ದರೆ ನಟ್ ತಾನಾಗೇ ಬಿಚ್ಚಿಕೊಳ್ಳಬಹುದು.

ಹಿಂದಿನಚಕ್ರ

ಚೈನು ಸರಿ ಇದೆ. ರಾಡ್ ಹಾಕಿದ್ದೀನಿ. ಪಟ್ಟಿ ಬಿಗಿ.

ಪಿನ್ನು ಅಂದ ತಕ್ಷಣ ಅಂಗಿ ಜೇಬಿಗೆ ಕೈ ಹಾಕಿದೆ. ಇಲ್ಲೇ ಇದೆ. ಕೆಳಗೆ ಹೋಗ್ತಿದ್ದೀನಿ.